ಟ್ರೈಲರ್ ಎಳೆದೊಯ್ಯುವುದೋ, ಬಾಡಿಗೆ ಮನೆ ಹಿಡಿಯುವುದೋ: ಡೆನ್ವರ್‌ನ ಒಂದು ಕನ್ನಡ ಕುಟುಂಬದ ಪ್ರಕರಣ ಅಧ್ಯಯನ

ಶಿವಮೊಗ್ಗ ಜಿಲ್ಲೆಯಿಂದ ಹೋಗಿ ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್ ನಗರದ ಹೊರವಲಯದಲ್ಲಿ ನೆಲೆಸಿರುವ ಒಂದು ಕುಟುಂಬದ ಮುಂದೆ ಈ ಪ್ರಶ್ನೆ ಬಂತು: ಹಾಸಿಗೆ, ಅಡುಗೆಮನೆ, ಶೌಚಾಲಯ ಎಲ್ಲವೂ ಒಳಗೇ ಇರುವ ಟ್ರಾವೆಲ್ ಟ್ರೈಲರ್ ಒಂದನ್ನು ಕೊಂಡು ಕಾರಿನ ಹಿಂದೆ ಕಟ್ಟಿಕೊಂಡು ಪ್ರವಾಸ ಹೋಗುವುದು ಒಳ್ಳೆಯದೋ, ಅಥವಾ ಈವರೆಗೆ ಮಾಡುತ್ತ ಬಂದಂತೆ ಹೋದಲ್ಲೆಲ್ಲ ಕೋಣೆಯನ್ನೋ ಮನೆಯನ್ನೋ ಬಾಡಿಗೆಗೆ ಹಿಡಿಯುವುದು ಒಳ್ಳೆಯದೋ? ಚಳಿಗಾಲವಿಡೀ ನಡೆದ ಆ ಲೆಕ್ಕಾಚಾರದಲ್ಲಿ ನಾನೂ ಅವರೊಡನೆ ಕುಳಿತಿದ್ದೆ. ಹೆಸರು, ಗುರುತುಗಳನ್ನು ಬಿಟ್ಟು ಅದನ್ನು ಇಲ್ಲಿ ಪೂರ್ತಿಯಾಗಿ ದಾಖಲಿಸುತ್ತಿದ್ದೇನೆ. ಇಲ್ಲಿ ಬರುವ ಡಾಲರ್ ಮೊತ್ತಗಳು ಈ ಒಂದು ಮನೆಯ ಅಂದಾಜುಗಳೇ ಹೊರತು ಇಡೀ ಮಾರುಕಟ್ಟೆಯ ಸರಾಸರಿಗಳಲ್ಲ. ಓದುವವರು ತಮ್ಮ ಮನೆಯ ಅಂಕಿಗಳನ್ನು ಅದೇ ಜಾಗದಲ್ಲಿಟ್ಟು ನೋಡಬೇಕು.

ಮನೆಯಲ್ಲಿ ಇಬ್ಬರೂ ಉದ್ಯೋಗಸ್ಥರು. ಹನ್ನೆರಡು ಮತ್ತು ಎಂಟು ವರ್ಷದ ಇಬ್ಬರು ಮಕ್ಕಳು. ಗಂಡನ ತಂದೆತಾಯಿ ಪ್ರವಾಸಿ ವೀಸಾದ ಮೇಲೆ ಎರಡು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಬಂದು ಕೆಲವು ತಿಂಗಳು ಇದ್ದು ಹೋಗುತ್ತಾರೆ. ನಡುವಿನ ವರ್ಷಗಳಲ್ಲಿ ಇವರೇ ಊರಿಗೆ ಹೋಗುತ್ತಾರೆ. ಟ್ರೈಲರಿನ ಮಾತು ಹುಟ್ಟಿದ್ದೇ ಹಿರಿಯರ ಕಾರಣದಿಂದ. ಅತ್ತೆಯವರು ಮೊಟ್ಟೆ ಬೆರೆತ ಅಡುಗೆಮನೆಯ ಊಟ ಮಾಡುವುದಿಲ್ಲ. ಮಾವನವರಿಗೆ ಸಕ್ಕರೆ ಕಾಯಿಲೆ ಇದೆ, ಮಂಡಿನೋವಿದೆ, ರಾತ್ರಿ ಎರಡು ಮೂರು ಸಲ ಏಳಬೇಕಾಗುತ್ತದೆ. ಹಿಂದಿನ ಭೇಟಿಯಲ್ಲಿ ಪಕ್ಕದ ವಯೋಮಿಂಗ್ ರಾಜ್ಯದ ಹೆದ್ದಾರಿಯಲ್ಲಿ ಒಂದು ವಿಶ್ರಾಂತಿ ತಾಣದಿಂದ ಇನ್ನೊಂದಕ್ಕೆ ಇರುವ ದೂರ ಅವರನ್ನು ಬಹಳ ಕಂಗೆಡಿಸಿತ್ತು. ಇಂಥವರನ್ನು ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಕರೆದೊಯ್ಯಬೇಕಾದರೆ ಅಡುಗೆಮನೆಯೂ ಶೌಚಾಲಯವೂ ಜೊತೆಗೇ ಬಂದರೆ ಎಷ್ಟು ಚೆನ್ನ ಎಂದು ಮಗನಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಹಣ ಉಳಿಸುವ ಆಸೆಗಿಂತ ಹೆತ್ತವರ ಮೇಲಿನ ಕಾಳಜಿಯೇ ಈ ಯೋಚನೆಯ ಬೇರು. ಹಾಗಾಗಿ ಉತ್ತರವನ್ನು ಬರೀ ಹಣದಲ್ಲಿ ಅಳೆದು ಕೈತೊಳೆದುಕೊಳ್ಳುವುದು ನ್ಯಾಯವಲ್ಲ ಎಂದು ನಾನು ಮೊದಲಿಂದಲೂ ಎಣಿಸಿದ್ದೆ.

ಅವರು ನೋಡಿ ಮೆಚ್ಚಿದ್ದು 23 ಅಡಿ ಉದ್ದದ ಟ್ರೈಲರ್. ಮುಂಭಾಗದಲ್ಲಿ ದೊಡ್ಡ ಹಾಸಿಗೆ, ಹಿಂದೆ ಒಂದರ ಮೇಲೊಂದು ಎರಡು ಮಂಚ, ನಡುವೆ ಮಡಚಿದರೆ ಹಾಸಿಗೆಯಾಗುವ ಊಟದ ಮೇಜು. ಖಾಲಿ ತೂಕ 3,900 ಪೌಂಡ್. ಮನೆಯಲ್ಲಿದ್ದ ಮೂರು ಸಾಲು ಆಸನದ ಎಸ್‌ಯುವಿಯ ಎಳೆಯುವ ಮಿತಿ 5,000 ಪೌಂಡ್. ಮಾರಾಟಗಾರರು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು, ಸಾವಿರಕ್ಕೂ ಹೆಚ್ಚು ಪೌಂಡ್ ಉಳಿಯುತ್ತದೆ, ಚಿಂತೆಯಿಲ್ಲ ಎಂದರು. ಅಂಕಿಗಳು ಸುಳ್ಳಲ್ಲ. ಆದರೆ ಕೇಳಬೇಕಾದ ಪ್ರಶ್ನೆಗೆ ಅವು ಉತ್ತರವೂ ಅಲ್ಲ.

ಬಾಗಿಲ ಚೌಕಟ್ಟಿನಲ್ಲಿದ್ದ ಅಂಕಿ

ಅಮೆರಿಕದಲ್ಲಿ ಮಾರಾಟವಾಗುವ ಪ್ರತಿಯೊಂದು ಕಾರಿನಲ್ಲೂ ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಒಂದು ಚೀಟಿ ಕಾಣುತ್ತದೆ. ಪ್ರಯಾಣಿಕರು ಮತ್ತು ಸಾಮಾನುಗಳ ಒಟ್ಟು ತೂಕ ಇಷ್ಟನ್ನು ಮೀರಕೂಡದು ಎಂದು ಅದರಲ್ಲಿ ಬರೆದಿರುತ್ತದೆ. ಇದನ್ನೇ ಪೇಲೋಡ್ ಎನ್ನುತ್ತಾರೆ. ಎಳೆಯುವ ಮಿತಿ ಎಂಜಿನ್, ಬ್ರೇಕ್ ಮುಂತಾದವುಗಳ ಶಕ್ತಿಯನ್ನು ಹೇಳಿದರೆ, ಪೇಲೋಡ್ ಆ ವಾಹನದ ಚಕ್ರ, ಅಚ್ಚು, ಸ್ಪ್ರಿಂಗುಗಳು ಹೊರಬಹುದಾದ ಭಾರವನ್ನು ಹೇಳುತ್ತದೆ. ಟ್ರೈಲರಿನ ಪೂರ್ತಿ ತೂಕ ಅದರ ಚಕ್ರಗಳ ಮೇಲೇ ನಿಲ್ಲುವುದಿಲ್ಲ. ಅದರ ಮೂತಿ ಕಾರಿನ ಹಿಂಭಾಗದ ಹಿಚ್ಚಿನ, ಅಂದರೆ ಟ್ರೈಲರನ್ನು ಜೋಡಿಸುವ ಕೊಂಡಿಯ, ಮೇಲೆ ಕೂರುತ್ತದೆ, ಮತ್ತು ಆ ಮೂತಿಯ ಭಾರ ಕಾರಿನ ಪೇಲೋಡಿಗೇ ಸೇರುತ್ತದೆ. ಟ್ರೈಲರ್ ಹೆದ್ದಾರಿಯಲ್ಲಿ ಓಲಾಡದೆ ಸ್ಥಿರವಾಗಿ ಬರಬೇಕಾದರೆ ಈ ಭಾರ ಒಟ್ಟು ತೂಕದ ನೂರಕ್ಕೆ 10ರಿಂದ 15ರಷ್ಟು ಇರಬೇಕು.

ಕಾರುಗಳ ಎಳೆಯುವ ಮಿತಿಯನ್ನು ಗೊತ್ತುಮಾಡಲು ತಯಾರಕರು ಅನುಸರಿಸುವ ಎಸ್‌ಎಇ ಜೆ2807 ಎಂಬ ಮಾನದಂಡದ ಪರೀಕ್ಷೆಯಲ್ಲಿ ಕಾರಿನೊಳಗೆ ಚಾಲಕ ಮತ್ತು ಒಬ್ಬ ಪ್ರಯಾಣಿಕ, ತಲಾ 150 ಪೌಂಡ್, ಇದ್ದಾರೆಂದು ಇಟ್ಟುಕೊಳ್ಳುತ್ತಾರೆ. ನಮ್ಮ ಪ್ರಕರಣದಲ್ಲಿ ಕಾರಿನಲ್ಲಿ ಕೂರುವವರು ಆರು ಜನ. ಅವರ ಕಾರಿನ ಚೀಟಿಯಲ್ಲಿದ್ದ ಪೇಲೋಡ್ 1,400 ಪೌಂಡ್. ನಾಲ್ವರು ದೊಡ್ಡವರ ತೂಕ 585, ಇಬ್ಬರು ಮಕ್ಕಳದು 155, ಒಟ್ಟು 740. ಕಾರಿನಲ್ಲೇ ಇಡಬೇಕಾದ ಚೀಲ, ಔಷಧಿ, ತಂಪುಪೆಟ್ಟಿಗೆ, ಕುಡಿಯುವ ನೀರು ಮುಂತಾದವು 150. ಹಿಚ್ಚಿನ ಸಲಕರಣೆ 90. ಇಷ್ಟು ಕಳೆದ ಮೇಲೆ ಟ್ರೈಲರಿನ ಮೂತಿಗೆ ಉಳಿದದ್ದು 420 ಪೌಂಡ್.

ಖಾಲಿ ತೂಕ ಎಂಬ ಅಂಕಿ ಸಾಮಾನ್ಯವಾಗಿ ಕಾರ್ಖಾನೆಯಿಂದ ಹೊರಬಂದಾಗಿನದು. ಪ್ರವಾಸಕ್ಕೆ ಹೊರಟಾಗ ಅದರಲ್ಲಿ ತುಂಬಿದ ಪ್ರೊಪೇನ್ ಸಿಲಿಂಡರುಗಳು, ಬ್ಯಾಟರಿ, ಹಾಸಿಗೆ ಹೊದಿಕೆ, ಆರು ಜನರ ಬಟ್ಟೆ, ಅಕ್ಕಿ ಬೇಳೆ, ಪಾತ್ರೆ, ಮೇಜು ಕುರ್ಚಿ, ನೀರಿನ ಕೊಳವೆ ಎಲ್ಲವೂ ಸೇರುತ್ತವೆ. ಒಂದು ಗ್ಯಾಲನ್ ನೀರೇ ಎಂಟು ಪೌಂಡಿಗೂ ಹೆಚ್ಚು ತೂಗುವುದರಿಂದ 40 ಗ್ಯಾಲನ್ ತೊಟ್ಟಿ ತುಂಬಿಸಿದರೆ 330 ಪೌಂಡ್ ಏರುತ್ತದೆ. ಅದನ್ನು ಖಾಲಿಯಾಗಿಯೇ ಒಯ್ಯುವುದೆಂದು ಇಟ್ಟುಕೊಂಡರೂ ನಮ್ಮ ಅಂದಾಜು 4,900 ಪೌಂಡಿಗೆ ಬಂದು ನಿಂತಿತು. ಎಳೆಯುವ ಮಿತಿಯೊಳಗೇ ಇದೆ, ನಿಜ. ಆದರೆ ಅದರ ನೂರಕ್ಕೆ ಹನ್ನೆರಡು ಎಂದರೆ ಸುಮಾರು 590 ಪೌಂಡ್. ಇರುವ ಜಾಗ 420. ಸುಮಾರು 170 ಪೌಂಡ್ ಹೆಚ್ಚು. ಸಿಲಿಂಡರುಗಳೂ ಬ್ಯಾಟರಿಯೂ ಮೂತಿಯ ಮೇಲೇ ಕೂರುವುದರಿಂದ ವಾಸ್ತವದ ಅಂಕಿ ಇದಕ್ಕಿಂತ ಮೇಲಿರುವ ಸಂಭವವೇ ಹೆಚ್ಚು.

ಇದಕ್ಕೆ ಸೂಚನೆಯಾಗಿ ಬಂದ ಉಪಾಯಗಳನ್ನೂ ಪರಿಶೀಲಿಸಿದೆವು. ಭಾರ ಹಂಚುವ ಹಿಚ್ ಹಾಕಿದರೆ ಕಾರಿನ ಹಿಂಭಾಗ ಕುಸಿಯುವುದು ತಪ್ಪಿ, ಭಾರದ ಒಂದು ಪಾಲು ಮುಂದಿನ ಚಕ್ರಗಳ ಮೇಲೂ ಟ್ರೈಲರಿನ ಅಚ್ಚಿನ ಮೇಲೂ ಹರಡುತ್ತದೆಯಾದರೂ ಕಾರು ಹೊರಬಹುದಾದ ಮಿತಿ ಅದರಿಂದ ಏರುವುದಿಲ್ಲ. ಸಾಮಾನನ್ನೆಲ್ಲ ಟ್ರೈಲರಿನ ಹಿಂಭಾಗಕ್ಕೆ ಸರಿಸಿ ಮೂತಿಯನ್ನು ಹಗುರ ಮಾಡುವ ಸಲಹೆ ಅಪಾಯಕಾರಿ. ಮೂತಿ ಹಗುರವಾದ ಟ್ರೈಲರ್ ಗಾಳಿಗೆ ಸಿಕ್ಕಾಗಲೂ ದೊಡ್ಡ ಲಾರಿ ಪಕ್ಕದಲ್ಲಿ ಹಾದಾಗಲೂ ಬಾಲದಂತೆ ಬೀಸತೊಡಗುತ್ತದೆ, ಮತ್ತು ಅದು ಒಮ್ಮೆ ಜೋರಾಗಿ ಬೀಸತೊಡಗಿದರೆ ಕಾರನ್ನು ಹತೋಟಿಗೆ ತರುವುದು ನುರಿತ ಚಾಲಕರಿಗೂ ಕಷ್ಟ. ಹೆಂಡತಿ ಹಿರಿಯರಿಬ್ಬರನ್ನು ಕೂರಿಸಿಕೊಂಡು ಇನ್ನೊಂದು ಕಾರಿನಲ್ಲಿ ಬರುವ ಆಲೋಚನೆಯೂ ಬಂತು. ತೂಕದ ಲೆಕ್ಕ ಆಗ ಸರಿಹೋಗುತ್ತದೆ. ಆದರೆ ಎರಡು ಕಾರಿನ ಪೆಟ್ರೋಲು, ಇಬ್ಬರೂ ದಿನವಿಡೀ ಚಾಲನೆಯಲ್ಲಿ ಇರಬೇಕಾದ ದಣಿವು, ಒಟ್ಟಿಗೆ ಹೋಗುವುದೆಂಬ ಸಂತೋಷವೇ ಇಲ್ಲದಿರುವುದು, ಇವುಗಳಿಂದಾಗಿ ಅದನ್ನು ಅವರೇ ಕೈಬಿಟ್ಟರು.

ಈ ಪ್ರಕರಣದ ತಿರುಳು ನನ್ನ ದೃಷ್ಟಿಯಲ್ಲಿ ಇಲ್ಲಿದೆ. ಯಾರಿಗಾಗಿ ಟ್ರೈಲರ್ ಬೇಕೆಂದು ಮಗ ಬಯಸಿದನೋ ಅವರು ಕಾರಿನಲ್ಲಿ ಕೂತೊಡನೆ ಆ ಕಾರು ಆ ಟ್ರೈಲರನ್ನು ಎಳೆಯುವ ಯೋಗ್ಯತೆ ಕಳೆದುಕೊಳ್ಳುತ್ತದೆ. ಚಲಿಸುವ ಟ್ರೈಲರಿನೊಳಗೆ ಯಾರನ್ನೂ ಕೂರಿಸುವಂತಿಲ್ಲವಾದ್ದರಿಂದ ಅವರು ಕಾರಿನಲ್ಲೇ ಕೂರಬೇಕು. ನಾಲ್ವರೇ ಹೋದಾಗ ಎಲ್ಲವೂ ಸರಿ. ಆದರೆ ನಾಲ್ವರಿಗೆ ಟ್ರೈಲರಿನ ಅಗತ್ಯ ಅಷ್ಟೇನೂ ಇರಲಿಲ್ಲ.

ಬಟ್ಟೆಯ ಗೋಡೆಯನ್ನು ಮೇಲೆತ್ತಿ ಬಿಚ್ಚುವ ಹಗುರ ಪಾಪ್‌ಅಪ್ ಟ್ರೈಲರ್ ಆದರೆ ಈ ಕಾರಿಗೇ ಸಾಕಿತ್ತಲ್ಲ ಎಂದು ಕೇಳಬಹುದು. ಯೆಲ್ಲೋಸ್ಟೋನ್ ಒಳಗೆ ವಿದ್ಯುತ್, ನೀರು, ಒಳಚರಂಡಿ ಮೂರೂ ಸಂಪರ್ಕ ಇರುವುದು ಫಿಶಿಂಗ್ ಬ್ರಿಡ್ಜ್ ಆರ್‌ವಿ ಪಾರ್ಕ್ ಎಂಬ ಬಿಡಾರ ಒಂದರಲ್ಲೇ (ಟ್ರೈಲರಿನಂಥ ವಾಸಯೋಗ್ಯ ಪ್ರವಾಸಿ ವಾಹನಗಳನ್ನೇ ಆರ್‌ವಿ ಎನ್ನುತ್ತಾರೆ). ಕರಡಿಗಳ ಓಡಾಟವಿರುವ ಜಾಗವಾದ್ದರಿಂದ ಅಲ್ಲಿ ಗಟ್ಟಿ ಗೋಡೆಯ ವಾಹನಗಳಿಗೆ ಮಾತ್ರ ಪ್ರವೇಶ. ಬಟ್ಟೆ ಗೋಡೆಯವುಗಳಿಗೆ ಇಲ್ಲ. ಯೆಲ್ಲೋಸ್ಟೋನ್ ಸರೋವರದ ಸುತ್ತಿನ ಪ್ರದೇಶ ಸಮುದ್ರಮಟ್ಟದಿಂದ ಸುಮಾರು 7,700 ಅಡಿ ಎತ್ತರದಲ್ಲಿದ್ದು ನಡುಬೇಸಿಗೆಯ ರಾತ್ರಿಯೂ ಕೊರೆಯುತ್ತದೆ. ಮಂಡಿನೋವಿನವರನ್ನು ಬಟ್ಟೆಯ ಗೋಡೆಯೊಳಗೆ ಮಲಗಿಸುವ ಮಾತನ್ನು ಯಾರೂ ಮುಂದುವರಿಸಲಿಲ್ಲ.

ದಾರಿ

ಡೆನ್ವರ್‌ನಿಂದ ಕ್ಯಾಸ್ಪರ್, ಥರ್ಮಾಪೊಲಿಸ್, ಕೋಡಿ ಮಾರ್ಗವಾಗಿ ಉದ್ಯಾನದ ಪೂರ್ವ ದ್ವಾರ ದಾಟಿ ಫಿಶಿಂಗ್ ಬ್ರಿಡ್ಜ್ ತಲುಪಲು ಸುಮಾರು 575 ಮೈಲಿ. ವಯೋಮಿಂಗಿನ ಹೆದ್ದಾರಿಗಳಲ್ಲಿ ವೇಗದ ಮಿತಿ ಕೆಲವೆಡೆ ಗಂಟೆಗೆ 80 ಮೈಲಿವರೆಗೆ ಇದ್ದರೂ ಟ್ರೈಲರಿನ ಅನೇಕ ಟೈರುಗಳು 65 ಮೈಲಿಗಷ್ಟೇ ಯೋಗ್ಯವಾದವು. ಹೀಗಾಗಿ ಒಂದು ದೀರ್ಘ ದಿನದ ದಾರಿ ಎರಡು ದಿನದ್ದಾಗುತ್ತದೆ. ಹಿರಿಯರಿದ್ದಾಗ ಹೇಗೂ ನಡುವೆ ತಂಗಲೇಬೇಕಾದ್ದರಿಂದ ಇದನ್ನು ಪೂರ್ತಿ ನಷ್ಟವೆಂದು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಗಾಳಿಯ ಮಾತು ಬೇರೆ. ಆ ರಾಜ್ಯದಲ್ಲಿ ಬಲವಾದ ಅಡ್ಡಗಾಳಿ ಬೀಸಿದಾಗ ಹಗುರವಾದ, ಎತ್ತರದ ವಾಹನಗಳಿಗೆ ಹೆದ್ದಾರಿಯನ್ನೇ ಮುಚ್ಚುವುದುಂಟು. ಲ್ಯಾರಮಿ ಮತ್ತು ರಾಲಿನ್ಸ್ ಊರುಗಳ ನಡುವಿನ ಐ-80 ಹೆದ್ದಾರಿ ಇದಕ್ಕೆ ಹೆಸರಾದದ್ದು. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ನೂರಕ್ಕೆ ಮೂರರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಪೂರ್ವ ದ್ವಾರದ ಬಳಿಯ ಸಿಲ್ವನ್ ಕಣಿವೆದಾರಿ 8,500 ಅಡಿಗೂ ಮೇಲೆ ಇರುವುದರಿಂದ ಅಲ್ಲಿ ಕಾಲು ಪಾಲು ಶಕ್ತಿ ಹೋಗಿಯೇ ಇರುತ್ತದೆ.

ಕೊಲರಾಡೊದೊಳಗಿನ ವಾರಾಂತ್ಯಗಳಿಗೂ ಇಂಥ ನಿರ್ಬಂಧಗಳಿವೆ. ಮೆಸಾ ವರ್ಡೆ ರಾಷ್ಟ್ರೀಯ ಉದ್ಯಾನದಲ್ಲಿ ಟ್ರೈಲರನ್ನು ಮೋರ್‌ಫೀಲ್ಡ್ ಕ್ಯಾಂಪ್‌ಗ್ರೌಂಡಿನಿಂದ ಆಚೆಗೆ ಒಯ್ಯಲು ಬಿಡುವುದಿಲ್ಲ. ರಾಕಿ ಮೌಂಟನ್ ಉದ್ಯಾನದ ಓಲ್ಡ್ ಫಾಲ್ ರಿವರ್ ರಸ್ತೆಯಲ್ಲಿ ಟ್ರೈಲರಿಗೆ ಪ್ರವೇಶವೇ ಇಲ್ಲ. ಟ್ರೈಲರನ್ನು ಬಿಡಾರದಲ್ಲಿ ಬಿಟ್ಟು ಕಾರಿನಲ್ಲಿ ಸುತ್ತುವವರಿಗೆ ಇವು ದೊಡ್ಡ ತೊಡಕಲ್ಲ; ಆದರೆ ಹೋದೆಡೆಯಲ್ಲೆಲ್ಲ ಮೊದಲು ಬಿಡಾರದ ಜಾಗ ಕಾದಿರಿಸಿರಲೇಬೇಕು ಎಂದಾಯಿತು. ಕೊಲರಾಡೊ ರಾಜ್ಯ ಉದ್ಯಾನಗಳ ಜಾಗಗಳನ್ನು ಆರು ತಿಂಗಳ ಮುಂಚೆಯೇ ಕಾದಿರಿಸಲು ಅವಕಾಶವಿದ್ದು, ಜುಲೈ ವಾರಾಂತ್ಯದ ಒಳ್ಳೆಯ ಜಾಗಗಳು ಬೇಗನೆ ಮುಗಿದುಹೋಗುತ್ತವೆ. ಮನಸ್ಸು ಬಂದ ಶುಕ್ರವಾರ ಸಂಜೆ ಟ್ರೈಲರ್ ಕಟ್ಟಿಕೊಂಡು ಹೊರಟುಬಿಡುವುದು ಎಂಬ ಚಿತ್ರಕ್ಕೆ ಬೇಸಿಗೆಯಲ್ಲಿ ಆಧಾರ ಕಡಿಮೆ.

ವರ್ಷದ ಖರ್ಚು, ವರ್ಷದ ರಾತ್ರಿಗಳು

ತೆರಿಗೆ, ಶುಲ್ಕಗಳೆಲ್ಲ ಸೇರಿ ಟ್ರೈಲರಿನ ಬೆಲೆ 29,000 ಡಾಲರ್ ಆಗುತ್ತಿತ್ತು. ಏಳು ವರ್ಷ ಇಟ್ಟುಕೊಂಡು ಮಾರಿದರೆ 11,000 ಬಂದೀತೆಂದು ಎಣಿಸಿದೆವು. ವರ್ಷಕ್ಕೆ ಸುಮಾರು 2,570 ಡಾಲರ್ ಸವೆಯುತ್ತದೆ ಎಂದಾಯಿತು. ಇದು ಉದಾರವಾದ ಅಂದಾಜೇ ಇರಬಹುದು. ಕೋವಿಡ್ ಕಾಲದ ಬೇಡಿಕೆಯಲ್ಲಿ, 2021ರಲ್ಲಿ, ಅಮೆರಿಕದ ಕಾರ್ಖಾನೆಗಳಿಂದ ಆರು ಲಕ್ಷ ಆರ್‌ವಿಗಳು ಹೊರಬಿದ್ದವು. 2023ರಲ್ಲಿ ಆ ಸಂಖ್ಯೆ ಸುಮಾರು 3.13 ಲಕ್ಷಕ್ಕೆ ಇಳಿಯಿತು. ಆಗ ಕೊಂಡವರು ಈಗ ಮಾರುತ್ತಿರುವಾಗ ಹಳೆಯ ಟ್ರೈಲರಿಗೆ ಒಳ್ಳೆಯ ಬೆಲೆ ಸಿಗುತ್ತದೆಂದು ನಂಬಿಕೊಂಡು ಕೊಳ್ಳುವುದು ಜಾಣತನವಲ್ಲ.

ಅವರ ಬಡಾವಣೆಯ ನಿಯಮದ ಪ್ರಕಾರ ಟ್ರೈಲರನ್ನು ಮನೆಯ ಮುಂದೆ ನಿಲ್ಲಿಸುವಂತಿಲ್ಲ. ಊರಾಚೆಯ ಬಯಲು ನಿಲುಗಡೆಗೆ ತಿಂಗಳಿಗೆ 110 ಡಾಲರಿನಂತೆ ವರ್ಷಕ್ಕೆ 1,320. ವಿಮೆ 350, ಆಲಿಕಲ್ಲು ಮಳೆಗೆ ಹೆಸರಾದ ಡೆನ್ವರ್ ಸುತ್ತಮುತ್ತ ಬಯಲಲ್ಲಿ ನಿಲ್ಲಿಸಿದ ಟ್ರೈಲರಿಗೆ ವಿಮೆಯಿಲ್ಲದೆ ಆಗದು. ನೋಂದಣಿ 250. ಟೈರು, ಬೇರಿಂಗ್, ಚಾವಣಿಯ ಅಂಚುಗಳ ಸೀಲಂಟ್, ಚಳಿಗಾಲಕ್ಕೆ ಮುನ್ನ ಕೊಳವೆಗಳ ನೀರೆಲ್ಲ ತೆಗೆದು ಗುಲಾಬಿ ಬಣ್ಣದ ಆಂಟಿಫ್ರೀಜ್ ತುಂಬಿಸುವುದು ಇತ್ಯಾದಿಗೆ 700. ಹೂಡಿದ ಹಣದ ಬಡ್ಡಿ ಸುಮಾರು 1,000. ಇವೆಲ್ಲ ಕೂಡಿ 6,190 ಡಾಲರ್. ಮನೆಯಿಂದ ಒಂದು ಮೈಲಿಯೂ ಕದಲುವ ಮುನ್ನವೇ ಪ್ರತಿವರ್ಷ ಕೈಬಿಟ್ಟು ಹೋಗುವ ಹಣವಿದು. ಮಾರಾಟಗಾರರು ತೋರಿಸುವ ತಿಂಗಳ ಕಂತಿನಲ್ಲಿ ಇದರ ಬಹುಪಾಲು ಕಾಣಿಸುವುದಿಲ್ಲ. ದೀರ್ಘಾವಧಿಯ ಸಾಲ ಕಂತನ್ನು ಚಿಕ್ಕದು ಮಾಡಿದಷ್ಟೂ ಟ್ರೈಲರಿನ ಬೆಲೆ ಸಾಲದ ಬಾಕಿಗಿಂತ ಬೇಗ ಕುಸಿಯುತ್ತ ಹೋಗುತ್ತದೆ.

ಇನ್ನೊಂದು ಕಡೆ, ಆರು ಜನರಿಗೆ ಅಡುಗೆಮನೆಯಿರುವ ಎರಡು ಮಲಗುವ ಕೋಣೆಗಳ ಬಾಡಿಗೆ ಮನೆಗೆ ತೆರಿಗೆ, ಸ್ವಚ್ಛತಾ ಶುಲ್ಕ ಸೇರಿ ರಾತ್ರಿಗೆ ಸರಾಸರಿ 280 ಡಾಲರ್ ಎಂದು ಹಿಡಿದೆವು. ಟ್ರೈಲರಿನ ಬಿಡಾರದ ಜಾಗಕ್ಕೆ ರಾತ್ರಿಗೆ 60. ಎಳೆಯುವಾಗ ಕಾರಿನ ಮೈಲೇಜು ಗ್ಯಾಲನ್ನಿಗೆ 22 ಮೈಲಿಯಿಂದ 11ಕ್ಕೆ ಇಳಿಯುತ್ತದೆಂದು ಎಣಿಸಿದರೆ, ಯೆಲ್ಲೋಸ್ಟೋನ್‌ಗೆ ಹೋಗಿಬರುವ 1,150 ಮೈಲಿಗೆ ಐವತ್ತು ಗ್ಯಾಲನ್ನಿಗೂ ಸ್ವಲ್ಪ ಹೆಚ್ಚು ಪೆಟ್ರೋಲು ಹೆಚ್ಚುವರಿಯಾಗಿ ಬೇಕು. ಗ್ಯಾಲನ್ನಿಗೆ ಮೂರೂವರೆ ಡಾಲರಿನಂತೆ ಅದು ಸುಮಾರು 180 ಡಾಲರ್, ಒಂಬತ್ತು ರಾತ್ರಿಗೆ ಹಂಚಿದರೆ ರಾತ್ರಿಗೆ 20. ಹಾಗಾದರೆ ಟ್ರೈಲರಿನಲ್ಲಿ ಕಳೆದ ಪ್ರತಿ ರಾತ್ರಿಗೆ ಉಳಿಯುವುದು 200 ಡಾಲರ್. 6,190 ಡಾಲರ್ ಹುಟ್ಟಬೇಕಾದರೆ ವರ್ಷಕ್ಕೆ 31 ರಾತ್ರಿ ಬಳಸಬೇಕು. ಆರು ಜನರನ್ನೂ ಹೊತ್ತು ಈ ಟ್ರೈಲರನ್ನೂ ಎಳೆಯಬಲ್ಲ ದೊಡ್ಡ ವಾಹನಕ್ಕೆ ಬದಲಾದರೆ ವರ್ಷಕ್ಕೆ ಇನ್ನೂ 2,400 ಡಾಲರ್ ಏರುತ್ತಿತ್ತು. ಆಗ 43 ರಾತ್ರಿ.

ಅವರ ಬಳಿ ಅಷ್ಟು ರಾತ್ರಿಗಳಿದ್ದವೇ? ಇಲ್ಲಿ ನಾವು ಗೋಡೆಯ ಕ್ಯಾಲೆಂಡರನ್ನೇ ಇಳಿಸಿ ಮೇಜಿನ ಮೇಲೆ ಹರಡಿದೆವು. ಹಿರಿಯರು ಬರುವ ವರ್ಷದಲ್ಲಿ ಒಂದು ದೊಡ್ಡ ಪ್ರವಾಸ, ಮೂರು ನಾಲ್ಕು ವಾರಾಂತ್ಯಗಳು ಸೇರಿ 20 ರಾತ್ರಿ. ಇವರು ಊರಿಗೆ ಹೋಗುವ ವರ್ಷದಲ್ಲಿ ಇಬ್ಬರ ರಜೆಯೂ ಬೆಂಗಳೂರಿನ ವಿಮಾನದಲ್ಲೇ ಮುಗಿದುಹೋಗುತ್ತದೆ. ಉಳಿದ ವಾರಾಂತ್ಯಗಳಲ್ಲಿ ಹೆಚ್ಚೆಂದರೆ ಎಂಟು ರಾತ್ರಿ. ಎರಡು ವರ್ಷದ ಸರಾಸರಿ 14. ಅಮೆರಿಕದಲ್ಲಿ ಹುಟ್ಟಿ ಬೆಳೆದ ನೆರೆಯವರು ಇದೇ ಟ್ರೈಲರನ್ನು ವರ್ಷಕ್ಕೆ ನಲವತ್ತು ರಾತ್ರಿ ಬಳಸಬಹುದು. ಹೆತ್ತವರು ಸಾಗರದಾಚೆ ಇರುವವರ ರಜೆಗೆ ಬೇರೆ ಒಡೆಯರಿದ್ದಾರೆ. ವಲಸೆ ಬಂದ ನಮ್ಮವರು ಟ್ರೈಲರ್, ದೋಣಿ, ಬೆಟ್ಟದ ಮೇಲಿನ ಎರಡನೆಯ ಮನೆ ಇಂಥವನ್ನು ಕೊಳ್ಳುವಾಗ ಈ ಒಂದು ಸಂಗತಿಯನ್ನು ಲೆಕ್ಕಕ್ಕೆ ಸೇರಿಸದೆ ಬಿಡುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಊರಿಗೆ ಹೋಗುವುದನ್ನು ಯಾರೂ ಕಡಿಮೆ ಮಾಡಬಾರದು. ಕಡಿಮೆ ಮಾಡಬೇಕಾದದ್ದು ಕೊಳ್ಳುವ ವಸ್ತುವಿನಿಂದ ಸಿಗುವ ರಾತ್ರಿಗಳ ನಿರೀಕ್ಷೆಯನ್ನು.

ಅಡುಗೆ, ಶೌಚ, ನಿದ್ರೆ

ಹಣದ ಲೆಕ್ಕ ಇಷ್ಟು ಸ್ಪಷ್ಟವಾಗಿದ್ದರೂ ಹೆತ್ತವರ ಅನುಕೂಲಕ್ಕೆ ಅದನ್ನು ಬದಿಗಿಡಲು ಮಗ ಸಿದ್ಧನಿದ್ದ. ಹಾಗಾಗಿ ಡೆನ್ವರ್‌ಗೆ ಹತ್ತಿರದ ಬಿಡಾರವೊಂದರಲ್ಲಿ, ಮಾಲೀಕರೇ ತಂದು ನಿಲ್ಲಿಸಿ ಸಂಪರ್ಕ ಜೋಡಿಸಿಕೊಟ್ಟ ಬಾಡಿಗೆ ಟ್ರೈಲರಿನಲ್ಲಿ, ಹಿರಿಯರು ಬಂದಿದ್ದಾಗಲೇ ಒಂದು ವಾರಾಂತ್ಯ ಎಲ್ಲರೂ ಕಳೆದು ನೋಡಿದರು. ಕೊಳ್ಳುವ ಮುನ್ನ ಬಾಡಿಗೆಗೆ ತೆಗೆದುಕೊಂಡು ನೋಡುವುದು ಈ ವಿಷಯದಲ್ಲಿ ಅತ್ಯಂತ ಅಗ್ಗದ ಪಾಠ.

ಅಡುಗೆಯ ಮಟ್ಟಿಗೆ ಅತ್ತೆಯವರು ಸಂತೋಷಪಟ್ಟರು. ಇನ್ನೊಬ್ಬರು ಏನು ಬೇಯಿಸಿದ್ದರೋ ಎಂಬ ಅನುಮಾನವಿಲ್ಲದ ಒಲೆ, ಮನೆಯಿಂದ ತಂದ ಕುಕ್ಕರ್. ಈ ಎತ್ತರದ ಊರುಗಳಲ್ಲಿ ನೀರು ನೂರು ಡಿಗ್ರಿಗೆ ಬಹಳ ಮೊದಲೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ತೊಗರಿಬೇಳೆ ನೆಟ್ಟಗೆ ಬೇಯುವುದೇ ಇಲ್ಲ. ಆದರೆ ಅಷ್ಟು ಚಿಕ್ಕ ಜಾಗದಲ್ಲಿ ಒಗ್ಗರಣೆ ಹಾಕಿದಾಗ ಹೊಗೆಯ ಎಚ್ಚರಿಕೆ ಗಂಟೆ ಹೊಡೆದುಕೊಂಡಿತು, ಕುಕ್ಕರಿನ ಆವಿ ಗೋಡೆಗಳಲ್ಲಿ ನೀರಾಗಿ ಇಳಿಯಿತು. ಪಾತ್ರೆ ತೊಳೆದ, ಸ್ನಾನದ ನೀರು ಸೇರುವ ತೊಟ್ಟಿ ಆರು ಜನರಿಗೆ ಒಂದು ದಿನಕ್ಕಿಂತ ಹೆಚ್ಚು ತಾಳುವಂತಿರಲಿಲ್ಲ. ಒಳಚರಂಡಿ ಸಂಪರ್ಕ ಇದ್ದುದರಿಂದ ಅಲ್ಲಿ ತೊಂದರೆಯಾಗಲಿಲ್ಲ. ಸಂಪರ್ಕವಿಲ್ಲದ ರಾಷ್ಟ್ರೀಯ ಉದ್ಯಾನದ ಬಿಡಾರಗಳಲ್ಲಿ ಇದೇ ದೊಡ್ಡ ಸಮಸ್ಯೆಯಾಗುತ್ತಿತ್ತು.

ಮಾವನವರ ಅನುಭವವೇ ನಿರ್ಣಾಯಕವಾಯಿತು. ದೊಡ್ಡ ಹಾಸಿಗೆಯ ಮೂರು ಬದಿಗೂ ಗೋಡೆ. ಒಳಬದಿಯಲ್ಲಿ ಮಲಗಿದವರು ಏಳಬೇಕಾದರೆ ಇನ್ನೊಬ್ಬರನ್ನು ದಾಟಬೇಕು ಅಥವಾ ಮಂಡಿಯೂರಿ ಕಾಲಬದಿಗೆ ಸರಿಯಬೇಕು. ಹೊರಬದಿಯಲ್ಲೇ ಮಲಗಿದರೂ ಅವರು ಎದ್ದಾಗಲೆಲ್ಲ ಇಡೀ ಟ್ರೈಲರ್ ಅಲುಗಿ, ಊಟದ ಮೇಜಿನ ಹಾಸಿಗೆಯಲ್ಲಿದ್ದ ಮಗ ಸೊಸೆಯರಿಗೆ ಎಚ್ಚರವಾಗುತ್ತಿತ್ತು. ಅದು ಅವರಿಗೆ ಸಂಕೋಚ ತಂದಿತು. ಎರಡನೆಯ ರಾತ್ರಿ ಎಲ್ಲರಿಗೂ ತೊಂದರೆಯಾಗುತ್ತದೆಂದು ಅವರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದು ಸೊಸೆಗೆ ಮರುದಿನ ಗೊತ್ತಾಯಿತು. ಸಕ್ಕರೆ ಕಾಯಿಲೆಯವರಿಗೆ ಇದು ಸಣ್ಣ ವಿಷಯವಲ್ಲ. ನಾಲ್ಕು ಹೆಜ್ಜೆ ದೂರದಲ್ಲಿ ಶೌಚಾಲಯವಿದ್ದರೆ ಸಾಲದು, ಅಲ್ಲಿಗೆ ಸಂಕೋಚವಿಲ್ಲದೆ ಹೋಗುವಂತಿರಬೇಕು. ಬಾಡಿಗೆ ಮನೆಯ ಬೇರೆ ಕೋಣೆ, ಬೇರೆ ಬಾಗಿಲು ಕೊಡುವ ನೆಮ್ಮದಿ ಟ್ರೈಲರಿನಲ್ಲಿ ಅವರಿಗೆ ಸಿಗಲಿಲ್ಲ.

ಟ್ರೈಲರಿನ ಪರವಾಗಿ ಉಳಿದ ಒಂದು ವಾದ ಗಟ್ಟಿಯಾದದ್ದು. ಫಿಶಿಂಗ್ ಬ್ರಿಡ್ಜ್‌ನಲ್ಲಿ ತಂಗಿದರೆ ಉದ್ಯಾನದ ನಡುವೆಯೇ ಇದ್ದಂತೆ. ಕ್ಯಾನ್ಯನ್ ಜಲಪಾತ 16 ಮೈಲಿ, ಓಲ್ಡ್ ಫೇತ್‌ಫುಲ್ ಎಂಬ ಚಿಮ್ಮುವ ಬಿಸಿನೀರಿನ ಬುಗ್ಗೆ ಸುಮಾರು 38 ಮೈಲಿ. ಉದ್ಯಾನದೊಳಗಿನ ಹೋಟೆಲುಗಳ ಕೋಣೆಗಳಲ್ಲಿ ಅಡುಗೆಗೆ ವ್ಯವಸ್ಥೆಯಿಲ್ಲ, ಅಡುಗೆಮನೆ ಬೇಕೆಂದರೆ ಹೊರಗಿನ ಗಾರ್ಡಿನರ್‌ನಲ್ಲೋ ವೆಸ್ಟ್ ಯೆಲ್ಲೋಸ್ಟೋನ್‌ನಲ್ಲೋ ಇರಬೇಕು. ಗಾರ್ಡಿನರ್‌ನಿಂದ ಓಲ್ಡ್ ಫೇತ್‌ಫುಲ್ 50 ಮೈಲಿಗೂ ಹೆಚ್ಚು, ಕಾಡೆಮ್ಮೆಗಳು ರಸ್ತೆಗಿಳಿದರೆ ಅದಕ್ಕೆ ಎಷ್ಟು ಹೊತ್ತಾದರೂ ಹಿಡಿಯಬಹುದು. ಬಾಡಿಗೆ ಮನೆಯ ಬೆಲೆಗೆ ಈ ಅಲೆದಾಟವನ್ನೂ ಸೇರಿಸಲೇಬೇಕು.

ತೀರ್ಮಾನ

ಅವರು ಟ್ರೈಲರ್ ಕೊಳ್ಳಲಿಲ್ಲ. ಹಿರಿಯರು ಮುಂದೆ ಬರುವ ವರ್ಷಕ್ಕೆ ಯೆಲ್ಲೋಸ್ಟೋನ್ ಪ್ರವಾಸವನ್ನು ಎರಡು ಭಾಗ ಮಾಡಿ, ಉತ್ತರಭಾಗ ನೋಡಲು ಗಾರ್ಡಿನರ್‌ನಲ್ಲಿ ಒಂದು ಮನೆ, ಬಿಸಿನೀರಿನ ಬುಗ್ಗೆಗಳ ಭಾಗಕ್ಕೆ ಓಲ್ಡ್ ಫೇತ್‌ಫುಲ್‌ನಿಂದ 30 ಮೈಲಿ ದೂರದ ವೆಸ್ಟ್ ಯೆಲ್ಲೋಸ್ಟೋನ್‌ನಲ್ಲಿ ಇನ್ನೊಂದು ಮನೆ ಹಿಡಿಯುವುದೆಂದು ನಿಶ್ಚಯಿಸಿದರು. ಹೋಗುವಾಗ ಒಂದು ರಾತ್ರಿ ಥರ್ಮಾಪೊಲಿಸ್‌ನಲ್ಲಿ ತಂಗುವರು. ವೀಸಾ, ವಿಮಾನಗಳ ದಿನಾಂಕ ತಡವಾಗಿ ತಿಳಿಯುವುದರಿಂದ ರದ್ದು ಮಾಡಿದರೆ ಹಣ ಮರಳುವ ಮನೆಗಳನ್ನೇ ಆರಿಸುವುದು, ಅದಕ್ಕಾಗಿ ಸ್ವಲ್ಪ ಹೆಚ್ಚು ಕೊಡುವುದು ಎಂದೂ ಆಯಿತು. ವಯೋಮಿಂಗ್ ದಾರಿಯಲ್ಲಿ ಮಾವನವರಿಗೆ ಬೇಕಾಗುವ ನಿಲುಗಡೆಗಳನ್ನು ಸೊಸೆ ಮೊದಲೇ ನಕ್ಷೆಯಲ್ಲಿ ಗುರುತು ಮಾಡಿಟ್ಟಿದ್ದಾಳೆ. ಅತಿ ದೂರದ ತುಂಡುಗಳಿಗಾಗಿ ಮಡಚುವ ಶೌಚಪೀಠ ಮತ್ತು ಚಿಕ್ಕ ಗುಡಾರವೊಂದನ್ನು ಕಾರಿನಲ್ಲಿ ಇಟ್ಟುಕೊಳ್ಳುವರು. ಟ್ರೈಲರ್ ಬೇಕೆನ್ನಿಸಿದ ಮೂಲ ತೊಂದರೆಗಳಲ್ಲಿ ಒಂದಕ್ಕೆ ಇಷ್ಟು ಸರಳ ಪರಿಹಾರ ಸಾಕಾಗಬಹುದೆಂಬುದು ಲೆಕ್ಕ ಮಾಡಲು ಕೂರುವವರೆಗೂ ಯಾರಿಗೂ ಹೊಳೆದಿರಲಿಲ್ಲ.

ನಾಲ್ವರೇ ಹೋಗುವ ವಾರಾಂತ್ಯಗಳಲ್ಲಿ ವರ್ಷಕ್ಕೊಮ್ಮೆ ಚಿಕ್ಕ ಟ್ರೈಲರನ್ನು ಬಾಡಿಗೆಗೆ ಪಡೆದು ತಾವೇ ಎಳೆದು ನೋಡುವರು. ಮಕ್ಕಳಿಗೆ ಮೇಲಿನ ಮಂಚ ಬಹಳ ಹಿಡಿಸಿದೆ. ನಾಲ್ವರ ತೂಕಕ್ಕೆ ಈಗಿನ ಕಾರು ಸಾಲುತ್ತದೆ, ಟ್ರೈಲರಿನ ಬ್ರೇಕನ್ನು ಕಾರಿನಿಂದ ನಿಯಂತ್ರಿಸುವ ಬ್ರೇಕ್ ಕಂಟ್ರೋಲರ್ ಮಾತ್ರ ಹೊಸದಾಗಿ ಹಾಕಿಸಬೇಕು. ಈ ತೀರ್ಮಾನವನ್ನು ಮತ್ತೆ ಕೈಗೆತ್ತಿಕೊಳ್ಳಬೇಕಾದ ಸಂದರ್ಭಗಳನ್ನೂ ಬರೆದಿಟ್ಟುಕೊಂಡಿದ್ದಾರೆ: ಈಗಿನ ಕಾರು ಹಳತಾಗಿ ಬೇರೆ ಕಾರಣಕ್ಕೇ ದೊಡ್ಡ ವಾಹನ ಕೊಳ್ಳಬೇಕಾಗಿ ಬಂದರೆ, ಇಬ್ಬರಲ್ಲಿ ಒಬ್ಬರಿಗೆ ಎಲ್ಲಿಂದಲಾದರೂ ಕೆಲಸ ಮಾಡುವ ಅವಕಾಶ ದೊರೆತು ವರ್ಷದ ರಾತ್ರಿಗಳು ಮೂವತ್ತನ್ನು ದಾಟಿದರೆ, ಅಥವಾ ನಿಲುಗಡೆಗೆ ಬಾಡಿಗೆ ಕೊಡಬೇಕಿಲ್ಲದ ಮನೆಗೆ ಬದಲಾದರೆ. ಇವುಗಳಲ್ಲಿ ಒಂದೇ ಆದರೆ ಸಾಲದು, ಕನಿಷ್ಠ ಎರಡು ಕೂಡಿಬರಬೇಕು ಎಂಬುದು ನನ್ನ ಅಭಿಪ್ರಾಯ. ಮೊದಲನೆಯದು ಒಂದೇ ಸಾಕು ಎನ್ನುವುದು ಮಗನ ಅಭಿಪ್ರಾಯ. ಅದರ ಬಗ್ಗೆ ನಮ್ಮಲ್ಲಿ ಇನ್ನೂ ಒಮ್ಮತವಾಗಿಲ್ಲ.